ಜೇನ್ ಅವ್ರಿಲ್ (ಕಲ್ಲಚ್ಚು ಭಿತ್ತಿಪತ್ರ)

ಜೇನ್ ಅವ್ರಿಲ್ ಎಂಬುದು ಫ್ರಾನ್ಸಿನ ಚಿತ್ರಕಲಾವಿದ ಆನ್ರಿ ದ ತುಲೂಸ್-ಲೊತ್ರೆಕ್ (1864–1901) 1893ರಲ್ಲಿ ರಚಿಸಿದ ಬಣ್ಣದ ಕಲ್ಲಚ್ಚು ಭಿತ್ತಿಪತ್ರ. ಪ್ಯಾರಿಸ್ ನಗರದ ಶಾಂಜೆಲಿಜೆ ಪ್ರದೇಶದಲ್ಲಿದ್ದ 'ಜಾರ್ದಾಂ ದ ಪಾರೀ' ಎಂಬ ಮನರಂಜನಾ ಗೃಹದಲ್ಲಿ ನರ್ತಕಿ ಜೇನ್ ಅವ್ರಿಲ್ ನೀಡುತ್ತಿದ್ದ ಪ್ರದರ್ಶನಗಳ ಜಾಹೀರಾತಾಗಿ ಇದು ಸಿದ್ಧವಾಯಿತು. ಇದನ್ನು ಬರೆದುಕೊಡುವಂತೆ ಕಲಾವಿದನನ್ನು ಕೇಳಿದವಳು ಸ್ವತಃ ಆ ನರ್ತಕಿಯೇ. ಒಂದು ಕಾಲನ್ನು ಎತ್ತಿ ಕುಣಿಯುತ್ತಿರುವ ಸ್ತ್ರೀ, ಆಕೆಯ ಮುಂದೆ ವಾದ್ಯವೊಂದರ ಕೊರಳನ್ನು ಹಿಡಿದ ದೊಡ್ಡ ಕೈ, ಆ ವಾದ್ಯದಿಂದಲೇ ಹೊರಟು ನರ್ತಕಿಯನ್ನು ಸುತ್ತುವರಿಯುವ ಚೌಕಟ್ಟು, ಇವು ಚಿತ್ರದ ಮುಖ್ಯ ಅಂಗಗಳು. ಕೆಲವು ವಾರಗಳ ಕಾಲ ಬೀದಿಯ ಗೋಡೆಯ ಮೇಲಿರಲೆಂದು ಮಾಡಿದ ಈ ಹಾಳೆ ಇಂದು ಆಧುನಿಕ ಭಿತ್ತಿಪತ್ರ ಕಲೆಯ ಶ್ರೇಷ್ಠ ಉದಾಹರಣೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಉಲ್ಲಾಸವನ್ನು ಮಾರಬೇಕಾದ ಜಾಹೀರಾತಿನೊಳಗೆಯೇ ಆ ಉಲ್ಲಾಸವನ್ನು ಒದಗಿಸುವವಳ ದಣಿವನ್ನೂ ಕಾಣಿಸಿರುವುದು ಇದರ ವೈಶಿಷ್ಟ್ಯ.

ಹಿನ್ನೆಲೆ

19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಪ್ಯಾರಿಸ್ ನಗರದ ರಾತ್ರಿಯ ಮನರಂಜನೆ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು. ನಗರದ ಉತ್ತರ ಭಾಗದ ಗುಡ್ಡವಾದ ಮೋಂಮಾರ್ತ್ರದಲ್ಲಿ ಕ್ಯಾಬರೆಗಳೂ ನೃತ್ಯಶಾಲೆಗಳೂ ಸಾಲಾಗಿ ತೆರೆದುಕೊಂಡವು. 1881ರಲ್ಲಿ ರೊದೊಲ್ಫ್ ಸಾಲಿಸ್ 'ಲ ಶಾ ನ್ವಾರ್' (ಕರಿಬೆಕ್ಕು) ಎಂಬ ಕ್ಯಾಬರೆಯನ್ನು ಆರಂಭಿಸಿದನು. 1889ರ ಅಕ್ಟೋಬರ್ 6ರಂದು 'ಮೂಲಾಂ ರೂಜ್' (ಕೆಂಪು ಗಾಳಿಗಿರಣಿ) ಎಂಬ ನೃತ್ಯಶಾಲೆ ತೆರೆಯಿತು. ಇವಲ್ಲದೆ 'ಕಫೆ-ಕೊನ್ಸೇರ್' ಎಂಬ ಇನ್ನೊಂದು ಬಗೆಯ ಸ್ಥಳಗಳಿದ್ದವು. ಅಲ್ಲಿ ಗಿರಾಕಿಗಳು ಪಾನೀಯ ಕೊಂಡು, ಮೇಜಿನ ಮುಂದೆ ಕುಳಿತು ಹಾಡು, ಹಾಸ್ಯ, ನೃತ್ಯಗಳನ್ನು ನೋಡುತ್ತಿದ್ದರು. ಜಾರ್ದಾಂ ದ ಪಾರೀ ಅಂತಹ ಒಂದು ಸ್ಥಳ. ಮೂಲಾಂ ರೂಜ್ ಸ್ಥಾಪಕರಲ್ಲಿ ಒಬ್ಬನಾದ ಜೋಸೆಫ್ ಒಲೆರ್ ಇದನ್ನೂ ನಡೆಸುತ್ತಿದ್ದನು.

ಈ ಸ್ಥಳಗಳ ನಡುವಿನ ಪೈಪೋಟಿಯೇ ಭಿತ್ತಿಪತ್ರಗಳ ಬೆಳವಣಿಗೆಗೆ ಒಂದು ಮುಖ್ಯ ಕಾರಣ. 1881ರ ಜುಲೈ 29ರ ಪತ್ರಿಕಾ ಸ್ವಾತಂತ್ರ್ಯ ಕಾನೂನು ಭಿತ್ತಿಪತ್ರಗಳನ್ನು ಅಂಟಿಸುವುದರ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಅದಕ್ಕೂ ಮೊದಲೇ, 1860ರ ದಶಕದಿಂದ, ಜೂಲ್ ಶೆರೆ ಎಂಬ ಕಲಾವಿದ ಹಲವು ಬಣ್ಣಗಳ ದೊಡ್ಡ ಕಲ್ಲಚ್ಚುಗಳನ್ನು ಅಗ್ಗವಾಗಿ ಮುದ್ರಿಸುವ ವಿಧಾನವನ್ನು ಬೆಳೆಸಿದ್ದನು. ಶೆರೆಯ ಭಿತ್ತಿಪತ್ರಗಳಲ್ಲಿ ಗಾಳಿಯಲ್ಲಿ ತೇಲುವಂತಿರುವ, ಸದಾ ನಗುವ ತರುಣಿಯರು ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬಳನ್ನು ಇನ್ನೊಬ್ಬಳಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಲೊತ್ರೆಕ್‌ನ ಚಿತ್ರಗಳು ಇಲ್ಲಿಯೇ ಭಿನ್ನವಾಗುತ್ತವೆ. ಆತ ಬರೆದುದು ಹೆಸರು, ಮುಖ, ಸ್ವಭಾವಗಳುಳ್ಳ ನಿರ್ದಿಷ್ಟ ವ್ಯಕ್ತಿಗಳನ್ನು.

ನರ್ತಕಿ

ಜೇನ್ ಅವ್ರಿಲ್‌ಳ ನಿಜನಾಮ ಜಾನ್ ಬೋದೋಂ. ಆಕೆ 1868ರಲ್ಲಿ ಪ್ಯಾರಿಸ್ ನಗರದ ಬೆಲ್ವಿಲ್ ಪ್ರದೇಶದಲ್ಲಿ ಜನಿಸಿದಳು. ತಾಯಿಯ ಹೊಡೆತ ಬಡಿತಗಳನ್ನು ತಾಳಲಾರದೆ ಬಾಲ್ಯದಲ್ಲಿಯೇ ಮನೆ ಬಿಟ್ಟಳು. ದೇಹದ ಅಂಗಾಂಗಗಳು ಹಿಡಿತ ತಪ್ಪಿ ಅದುರುವ ಕೊರಿಯಾ ಎಂಬ ನರಸಂಬಂಧಿ ಕಾಯಿಲೆಯ ಕಾರಣ 1882ರಲ್ಲಿ, ತನ್ನ 14ನೆಯ ವಯಸ್ಸಿನಲ್ಲಿ, ಆಕೆಯನ್ನು ಸಾಲ್‌ಪೆತ್ರಿಯೇರ್ ಆಸ್ಪತ್ರೆಗೆ ಸೇರಿಸಲಾಯಿತು. ಈ ಕಾಯಿಲೆಗೆ ಯುರೋಪಿನಲ್ಲಿ 'ಸಂತ ವೀಟಸನ ಕುಣಿತ' ಎಂಬ ರೂಢಿಯ ಹೆಸರೂ ಇತ್ತು. ಆ ಆಸ್ಪತ್ರೆಯಲ್ಲಿ ನರರೋಗ ತಜ್ಞ ಜಾಂ-ಮಾರ್ತಾಂ ಶಾರ್ಕೋ ಹಿಸ್ಟೀರಿಯಾ ರೋಗಿಗಳನ್ನು ಕುರಿತು ನಡೆಸುತ್ತಿದ್ದ ಅಧ್ಯಯನಗಳು ಆಗ ಯುರೋಪಿನಾದ್ಯಂತ ಪ್ರಸಿದ್ಧವಾಗಿದ್ದವು. ಆಸ್ಪತ್ರೆಯ ರೋಗಿಗಳಿಗಾಗಿ ಏರ್ಪಡಿಸಿದ್ದ ವೇಷದ ನೃತ್ಯಕೂಟವೊಂದರಲ್ಲಿ ಕುಣಿದಾಗಲೇ ತನ್ನ ಕಾಯಿಲೆ ಗುಣವಾಯಿತೆಂದು ಆಕೆ ಮುಂದೆ ತನ್ನ ನೆನಪುಗಳಲ್ಲಿ ಹೇಳಿಕೊಂಡಿದ್ದಾಳೆ.

1884ರಲ್ಲಿ ಆಸ್ಪತ್ರೆಯಿಂದ ಹೊರಬಂದ ಮೇಲೆ ಆಕೆ ನೃತ್ಯಶಾಲೆಗಳಲ್ಲಿ ಕುಣಿಯತೊಡಗಿ, ಕೊನೆಗೆ ಮೂಲಾಂ ರೂಜ್ ಸೇರಿದಳು. ಅಲ್ಲಿನ ಪ್ರಧಾನ ನರ್ತಕಿ 'ಲ ಗೂಲು' ಎಂಬ ಅಡ್ಡಹೆಸರಿನ ಲೂಯಿಜ್ ವೆಬೆರ್ ಅಬ್ಬರದ ಕುಣಿತಕ್ಕೆ ಹೆಸರಾಗಿದ್ದಳು. ಜೇನ್ ಅವ್ರಿಲ್‌ಳ ದಾರಿ ಬೇರೆ. ಆಕೆ ಗುಂಪಿನೊಂದಿಗೆ ಸೇರದೆ ಹೆಚ್ಚಾಗಿ ಒಬ್ಬಳೇ ಕುಣಿಯುತ್ತಿದ್ದಳು. ಹೆಜ್ಜೆಗಳನ್ನು ತಾನೇ ಕಲ್ಪಿಸಿಕೊಳ್ಳುತ್ತಿದ್ದಳು. ಇತರ ನರ್ತಕಿಯರು ಬಿಳಿಯ ಒಳಲಂಗಗಳನ್ನು ಧರಿಸುತ್ತಿದ್ದರೆ ಆಕೆ ಬಣ್ಣದ ರೇಷ್ಮೆಯನ್ನು ಆರಿಸಿಕೊಂಡಿದ್ದಳು. ಆಕೆಯ ಅಡ್ಡಹೆಸರು 'ಲ ಮೆಲಿನೀತ್'. ಮೆಲಿನೀತ್ ಎಂಬುದು ಆ ಕಾಲದಲ್ಲಿ ಫ್ರಾನ್ಸಿನ ಸೈನ್ಯ ಬಳಕೆಗೆ ತಂದಿದ್ದ ಸ್ಫೋಟಕದ ಹೆಸರು. ಓದಿನಲ್ಲಿ ಆಸಕ್ತಿಯಿದ್ದ ಆಕೆಗೆ ಕವಿಗಳ, ಲೇಖಕರ, ಚಿತ್ರಕಾರರ ಸ್ನೇಹವಿತ್ತು. ಇಂಗ್ಲಿಷ್ ಕವಿ ಆರ್ಥರ್ ಸೈಮನ್ಸ್ ಆಕೆಯ ನೃತ್ಯವನ್ನು ಕುರಿತು ಕವಿತೆ ಬರೆದಿದ್ದಾನೆ.

ಕಲಾವಿದ

ಲೊತ್ರೆಕ್ ದಕ್ಷಿಣ ಫ್ರಾನ್ಸಿನ ಆಲ್ಬಿ ಪಟ್ಟಣದ ಪ್ರಾಚೀನ ಸಾಮಂತ ಮನೆತನದಲ್ಲಿ ಹುಟ್ಟಿದವನು. ತಂದೆ ತಾಯಿಗಳು ಅಕ್ಕತಂಗಿಯರ ಮಕ್ಕಳು. ಹುಟ್ಟಿನಿಂದ ಬಂದ ಮೂಳೆಯ ದೌರ್ಬಲ್ಯದ ಕಾರಣ 1878 ಮತ್ತು 1879ರಲ್ಲಿ ಒಂದಾದ ಮೇಲೊಂದರಂತೆ ಆತನ ಎರಡು ತೊಡೆಯ ಮೂಳೆಗಳೂ ಮುರಿದವು. ಅನಂತರ ಕಾಲುಗಳು ಬೆಳೆಯಲಿಲ್ಲ. ಪ್ರಾಯಕ್ಕೆ ಬಂದಾಗ ಆತನ ಎತ್ತರ ಸುಮಾರು ಒಂದೂವರೆ ಮೀಟರು ಮಾತ್ರ. ಕುದುರೆ ಸವಾರಿ, ಬೇಟೆಗಳೇ ಗಂಡಸಿನ ಲಕ್ಷಣವೆಂದು ತಿಳಿದ ಮನೆತನದಲ್ಲಿ ಅವೆರಡಕ್ಕೂ ಎರವಾದ ಆತ ಚಿತ್ರಕಲೆಯನ್ನು ಹಿಡಿದನು. ಪ್ಯಾರಿಸ್‌ನಲ್ಲಿ ಶಿಕ್ಷಣ ಪಡೆದು ಮೋಂಮಾರ್ತ್ರದಲ್ಲಿ ನೆಲೆಸಿದನು.

1891ರಲ್ಲಿ ಮೂಲಾಂ ರೂಜ್‌ಗಾಗಿ ಲ ಗೂಲುವನ್ನು ಚಿತ್ರಿಸಿದ ಭಿತ್ತಿಪತ್ರ ಆತನ ಮೊದಲನೆಯದು. ಅದರಿಂದ ಆತನ ಹೆಸರು ಊರೆಲ್ಲ ಹರಡಿತು. ಮುಂದಿನ ಒಂದು ದಶಕದೊಳಗೆ ಆತ ಸುಮಾರು 30 ಭಿತ್ತಿಪತ್ರಗಳನ್ನೂ ನೂರಾರು ಇತರ ಕಲ್ಲಚ್ಚುಗಳನ್ನೂ ರಚಿಸಿದನು. ಸ್ವಂತ ಕಾಲುಗಳಲ್ಲಿ ಶಕ್ತಿಯಿಲ್ಲದ ಕಲಾವಿದ ನರ್ತಕಿಯರ ಕಾಲುಗಳ ಚಲನೆಯನ್ನು ಮತ್ತೆ ಮತ್ತೆ ಬರೆದುದನ್ನು ವಿಮರ್ಶಕರು ಗಮನಿಸಿದ್ದಾರೆ.

ಚಿತ್ರದ ವಿವರಣೆ

ಭಿತ್ತಿಪತ್ರದ ಎತ್ತರ ಸುಮಾರು 1.3 ಮೀಟರು. ಅಗಲ ಒಂದು ಮೀಟರಿಗೆ ಸ್ವಲ್ಪ ಕಡಿಮೆ. ನೋಟ ವಾದ್ಯಗಾರರು ಕುಳಿತುಕೊಳ್ಳುವ, ರಂಗದ ಮುಂಭಾಗದ ತಗ್ಗಿನ ಸ್ಥಳದಿಂದ ಆರಂಭವಾಗುತ್ತದೆ. ಬಲಗಡೆ ಕೆಳಮೂಲೆಯಲ್ಲಿ ವಯೊಲಿನ್ ಕುಟುಂಬದ ಅತ್ಯಂತ ದೊಡ್ಡ ವಾದ್ಯವಾದ ಡಬಲ್ ಬಾಸ್ ಕಾಣುತ್ತದೆ. ಅದರ ಉದ್ದನೆಯ ಕೊರಳು (ವೀಣೆಯ ದಂಡಿಗೆ ಸಮಾನವಾದ ಭಾಗ) ಮೇಲಕ್ಕೆ ಚಾಚಿದೆ. ವಾದಕನ ಕೈ ಅದನ್ನು ಬಿಗಿಯಾಗಿ ಹಿಡಿದಿದೆ. ವಾದಕನ ಮುಖ ಅರ್ಧಂಬರ್ಧ ಕಾಣುತ್ತದೆ. ನೋಡುವವನಿಗೆ ಅತ್ಯಂತ ಹತ್ತಿರವಿರುವುದರಿಂದ ಈ ವಾದ್ಯ ಮತ್ತು ಕೈ ನರ್ತಕಿಗೆ ಹೋಲಿಸಿದರೆ ಬಹಳ ದೊಡ್ಡವಾಗಿವೆ.

ಇವುಗಳ ಹಿಂದೆ ರಂಗದ ಮೇಲೆ ಜೇನ್ ಅವ್ರಿಲ್ ಒಂಟಿಯಾಗಿ ಕುಣಿಯುತ್ತಿದ್ದಾಳೆ. ಕ್ಯಾನ್‌ಕ್ಯಾನ್ ನೃತ್ಯದ ರೀತಿಯಲ್ಲಿ, ಕರಿಯ ಕಾಲುಚೀಲ ತೊಟ್ಟ ಒಂದು ಕಾಲನ್ನು ಮಡಿಸಿ ಮೇಲಕ್ಕೆತ್ತಿದ್ದಾಳೆ. ಹಳದಿ, ಕಿತ್ತಳೆ ಬಣ್ಣಗಳ ಉಡುಪು ಕಾಲಿನ ಸುತ್ತ ಉಬ್ಬಿ ನಿಂತಿದೆ. ತಲೆಯ ಮೇಲೆ ಟೋಪಿ ಇದೆ. ರಂಗದ ಹಲಗೆಗಳ ಗೆರೆಗಳು ಓರೆಯಾಗಿ ಹಿಂದಕ್ಕೆ ಸರಿದು ನೆಲವನ್ನು ಮೇಲಕ್ಕೆ ಎತ್ತಿದಂತೆ ತೋರಿಸುತ್ತವೆ. ಹಿಂಬದಿಯಲ್ಲಿ ರಂಗದ ಪರದೆಗಳ ಸೂಚನೆಯಷ್ಟೇ ಇದೆ. ಪ್ರೇಕ್ಷಕರು ಕಾಣುವುದಿಲ್ಲ.

ಡಬಲ್ ಬಾಸ್‌ನ ಕೊರಳಿನ ತುದಿ ಅಲ್ಲಿಗೇ ನಿಲ್ಲುವುದಿಲ್ಲ. ಅದು ದಪ್ಪನೆಯ ಬಳ್ಳಿಯಂತಹ ಗೆರೆಯಾಗಿ ಮುಂದುವರಿದು, ನರ್ತಕಿಯ ಸುತ್ತ ಸುತ್ತಿ, ಚಿತ್ರಕ್ಕೆ ಚೌಕಟ್ಟಾಗುತ್ತದೆ. ಹೀಗೆ ಚಿತ್ರದ ಒಳಗಿನ ವಸ್ತುವೇ ಚಿತ್ರದ ಅಂಚೂ ಆಗಿದೆ. ನರ್ತಕಿಯ ಹೆಸರು, ಸ್ಥಳದ ಹೆಸರು ಇವೆರಡೇ ದೊಡ್ಡ ಅಕ್ಷರಗಳಲ್ಲಿವೆ. ದಿನ, ವೇಳೆ, ದರ ಮುಂತಾದ ವಿವರಗಳಿಲ್ಲ.

ಆಕರಗಳು ಮತ್ತು ಪ್ರಭಾವಗಳು

ಭಂಗಿಗೆ ಆಧಾರವಾದುದು ಛಾಯಾಗ್ರಾಹಕ ಪೋಲ್ ಸೆಸ್ಕೋ ತೆಗೆದ ಒಂದು ಛಾಯಾಚಿತ್ರ. ಅದರಲ್ಲಿ ಜೇನ್ ಅವ್ರಿಲ್ ಕಾಲನ್ನು ಎತ್ತಿ ಹಿಡಿದು ನಿಂತಿದ್ದಾಳೆ. ಲೊತ್ರೆಕ್ ಮೊದಲು ಎಣ್ಣೆಬಣ್ಣದಲ್ಲಿ ಅಭ್ಯಾಸಚಿತ್ರ ಬರೆದು, ಅನಂತರ ಕಲ್ಲಿನ ಮೇಲೆ ಚಿತ್ರಿಸಿದನು. ಛಾಯಾಚಿತ್ರದಲ್ಲಿ ಸ್ಥಿರವಾಗಿದ್ದ ಭಂಗಿ ಭಿತ್ತಿಪತ್ರದಲ್ಲಿ ಚಲನೆಯಾಗಿ ಮಾರ್ಪಟ್ಟಿದೆ.

ಮುಂಭಾಗದಲ್ಲಿ ವಾದ್ಯಗಾರ, ಹಿಂದೆ ರಂಗ ಎಂಬ ಜೋಡಣೆಯನ್ನು ಲೊತ್ರೆಕ್ ತಾನು ಬಹುವಾಗಿ ಮೆಚ್ಚಿದ್ದ ಚಿತ್ರಕಾರ ಎದ್ಗಾರ್ ದೆಗಾನಿಂದ ಪಡೆದನೆಂದು ಹೇಳಬಹುದು. ದೆಗಾನ 'ಒಪೇರಾದ ವಾದ್ಯವೃಂದ' (ಸುಮಾರು 1870) ಎಂಬ ವರ್ಣಚಿತ್ರದಲ್ಲಿ ಡಬಲ್ ಬಾಸ್‌ನ ತುದಿ ರಂಗದ ನರ್ತಕಿಯರ ಸಾಲನ್ನು ಕತ್ತರಿಸುತ್ತದೆ. ಇನ್ನೊಂದು ಪ್ರಬಲ ಪ್ರಭಾವ ಜಪಾನಿನ ಉಕಿಯೊ-ಎ ಮರದಚ್ಚಿನ ಚಿತ್ರಗಳದು. ನೆರಳಿಲ್ಲದ ಸಪಾಟು ಬಣ್ಣಗಳು, ದೃಢವಾದ ಹೊರಗೆರೆ, ಅತಿ ಸಮೀಪದ ವಸ್ತುವನ್ನು ಅಂಚಿನಲ್ಲಿ ಕತ್ತರಿಸಿ ತೋರಿಸುವ ಕ್ರಮ, ಓರೆಯಾದ ನೆಲ, ಇವೆಲ್ಲ ಹೊಕುಸಾಯಿ, ಹಿರೊಶಿಗೆ ಮುಂತಾದವರ ಅಚ್ಚುಗಳಲ್ಲಿ ಕಾಣುವ ಗುಣಗಳು. ಕಬುಕಿ ರಂಗದ ನಟರ ಚಿತ್ರಗಳನ್ನು ಅಗ್ಗದ ಅಚ್ಚುಗಳಾಗಿ ಮಾರುವ ರೂಢಿಯೂ ಜಪಾನಿನಲ್ಲಿ ಬಹಳ ಹಿಂದಿನಿಂದ ಇತ್ತು.

ಮುದ್ರಣ ತಂತ್ರ

ಕಲ್ಲಚ್ಚು ವಿಧಾನವನ್ನು 18ನೆಯ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದನು. ಎಣ್ಣೆ ಮತ್ತು ನೀರು ಒಂದಕ್ಕೊಂದು ಬೆರೆಯುವುದಿಲ್ಲ ಎಂಬ ಸರಳ ತತ್ತ್ವವೇ ಇದರ ಆಧಾರ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿ ಅಥವಾ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಅದರ ಮೇಲೆ ಗೋಂದು ಮತ್ತು ತೆಳು ಆಮ್ಲದ ಮಿಶ್ರಣವನ್ನು ಸವರಿ ಕಲ್ಲನ್ನು ಹದಗೊಳಿಸುತ್ತಾರೆ. ಅನಂತರ ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆಯನ್ನು ಆಡಿಸಿದಾಗ, ಜಿಡ್ಡಿರುವ ಕಡೆ ಮಾತ್ರ ಮಸಿ ಹತ್ತುತ್ತದೆ. ಒದ್ದೆಯಿರುವ ಕಡೆ ಹತ್ತುವುದಿಲ್ಲ. ಕಾಗದವನ್ನು ಅದರ ಮೇಲಿಟ್ಟು ಒತ್ತಿದರೆ ಚಿತ್ರ ಎಡಬಲ ತಿರುಗಿ ಮೂಡುತ್ತದೆ. ಕನ್ನಡ ನಾಡಿನಲ್ಲಿಯೂ ಈ ವಿಧಾನ ಅಪರಿಚಿತವಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1843ರಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದುದು ಕಲ್ಲಚ್ಚಿನಲ್ಲಿಯೇ.

ಬಣ್ಣದ ಕಲ್ಲಚ್ಚಿನಲ್ಲಿ ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಕಲ್ಲು ಬೇಕು. ಒಂದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ, ಕೂದಲೆಳೆಯಷ್ಟೂ ಸರಿಯದಂತೆ, ಒತ್ತಬೇಕಾಗುತ್ತದೆ. ಬಣ್ಣ ಹೆಚ್ಚಿದಷ್ಟೂ ಕೆಲಸ ಮತ್ತು ಖರ್ಚು ಹೆಚ್ಚುತ್ತವೆ. ಆದುದರಿಂದ ಭಿತ್ತಿಪತ್ರದ ಕಲಾವಿದ ಕೆಲವೇ ಬಣ್ಣಗಳಲ್ಲಿ ಹೆಚ್ಚಿನದನ್ನು ಸಾಧಿಸಬೇಕು. ಈ ಚಿತ್ರದಲ್ಲಿ ಹಳದಿ, ಕಿತ್ತಳೆ, ಕೆಂಪು, ಮಾಸಲು ಹಸಿರು, ಕಪ್ಪು ಬಣ್ಣಗಳು ಪ್ರಧಾನ. ಕಾಗದದ ಬಣ್ಣವನ್ನೇ ಹಲವು ಕಡೆ ಹಾಗೆಯೇ ಬಿಟ್ಟು ಬೆಳಕಿನಂತೆ ಬಳಸಿಕೊಳ್ಳಲಾಗಿದೆ. ಕುಂಚಕ್ಕೆ ಹಚ್ಚಿದ ಮಸಿಯನ್ನು ಕಲ್ಲಿನ ಮೇಲೆ ಸಣ್ಣ ಹನಿಗಳಾಗಿ ಸಿಡಿಸುವ 'ಕ್ರಾಶಿ' ಎಂಬ ತಂತ್ರ ಲೊತ್ರೆಕ್‌ಗೆ ಪ್ರಿಯವಾದುದು. ಭಿತ್ತಿಪತ್ರವನ್ನು ಅಚ್ಚು ಹಾಕಿದುದು ಪ್ಯಾರಿಸ್‌ನ ಶೇ ಮುದ್ರಣಾಲಯ. ಶೆರೆಯ ಭಿತ್ತಿಪತ್ರಗಳೂ ಅಲ್ಲಿಯೇ ಮುದ್ರಣವಾಗುತ್ತಿದ್ದವು.

ವ್ಯಾಖ್ಯಾನ

ಜಾಹೀರಾತಿನ ಉದ್ದೇಶ ಜನರನ್ನು ಕರೆಯುವುದು. ಮೇಲಕ್ಕೆತ್ತಿದ ಕಾಲು, ಉರಿಯುವಂತಹ ಬಣ್ಣಗಳು, ದೊಡ್ಡ ಅಕ್ಷರಗಳು ಆ ಕೆಲಸವನ್ನು ಮಾಡುತ್ತವೆ. ಆದರೆ ನರ್ತಕಿಯ ಮುಖ ಅದಕ್ಕೆ ಒಪ್ಪುವುದಿಲ್ಲ. ಅಲ್ಲಿ ನಗುವಿಲ್ಲ. ಕಣ್ಣುಗಳು ಕೆಳಗಿಳಿದಿವೆ, ತುಟಿಗಳು ಬಿಗಿದಿವೆ. ಆಕೆ ಪ್ರೇಕ್ಷಕರನ್ನು ನೋಡದೆ ತನ್ನೊಳಗೆ ಮುಳುಗಿದಂತಿದ್ದಾಳೆ. ಈ ಭಾವವನ್ನು ಕೆಲವರು ದಣಿವೆಂದೂ ಕೆಲವರು ಏಕಾಗ್ರತೆಯೆಂದೂ ಓದುತ್ತಾರೆ. ಎರಡಕ್ಕೂ ಚಿತ್ರದಲ್ಲಿ ಆಧಾರವಿದೆ. ಪ್ರತಿ ರಾತ್ರಿಯೂ ಅದೇ ಉಲ್ಲಾಸವನ್ನು ತೋರಬೇಕಾದವಳಿಗೆ ನೃತ್ಯ ಒಂದು ದುಡಿಮೆ ಎಂಬುದನ್ನು ಕಾಲು ಮತ್ತು ಮುಖಗಳ ನಡುವಿನ ಈ ಅಂತರ ಸೂಚಿಸುತ್ತದೆ.

ಸುತ್ತುವರಿದ ಚೌಕಟ್ಟನ್ನೂ ಇದೇ ದೃಷ್ಟಿಯಿಂದ ವಿವರಿಸಲಾಗಿದೆ. ಸಂಗೀತದಿಂದ ಹುಟ್ಟಿದ ಗೆರೆ ನರ್ತಕಿಯನ್ನು ಅಪ್ಪಿಕೊಂಡಂತೆಯೂ ಇದೆ, ಕಟ್ಟಿಹಾಕಿದಂತೆಯೂ ಇದೆ. ವಾದ್ಯದ ಕೊರಳನ್ನು ಹಿಡಿದ ಕೈಯಲ್ಲಿ ಕೆಲವು ವಿಮರ್ಶಕರು ಲೈಂಗಿಕ ಸೂಚನೆಯನ್ನು ಕಂಡಿದ್ದಾರೆ. ಆ ರಂಗಗಳಲ್ಲಿ ಹಣ ಕೊಟ್ಟು ನೋಡುತ್ತಿದ್ದವರು ಬಹುಪಾಲು ಗಂಡಸರು ಎಂಬುದನ್ನು ನೆನೆದರೆ ಈ ಓದು ಅಸಂಗತವಲ್ಲ.

ಆದರೆ ಜೇನ್ ಅವ್ರಿಲ್‌ಳನ್ನು ಕೇವಲ ನೋಟಕ್ಕೆ ಗುರಿಯಾದವಳೆಂದು ತಿಳಿಯುವುದು ತಪ್ಪಾಗುತ್ತದೆ. ಹದಿಹರೆಯದಲ್ಲಿ ಆಸ್ಪತ್ರೆಯ ರೋಗಿಯಾಗಿ ವೈದ್ಯರ ಪರೀಕ್ಷೆಗೆ ಒಳಗಾಗಿದ್ದ ಆಕೆ, ಹತ್ತು ವರ್ಷಗಳ ಅನಂತರ ತನ್ನ ಚಿತ್ರವನ್ನು ಯಾರು ಬರೆಯಬೇಕೆಂಬುದನ್ನು ತಾನೇ ನಿರ್ಧರಿಸಿದಳು. ಲೊತ್ರೆಕ್‌ನ ನಿಷ್ಠುರ ಗೆರೆಯನ್ನು ಎಲ್ಲರೂ ಒಪ್ಪುತ್ತಿರಲಿಲ್ಲ. ಗಾಯಕಿ ಇವೆತ್ ಗಿಲ್ಬೇರ್ ಆತ ಸಿದ್ಧಪಡಿಸಿದ ಭಿತ್ತಿಪತ್ರದ ಕರಡನ್ನು 1894ರಲ್ಲಿ ನಿರಾಕರಿಸಿ, ತನ್ನನ್ನು ಅಷ್ಟೊಂದು ಕುರೂಪವಾಗಿ ಬರೆಯಬಾರದೆಂದು ಕೇಳಿಕೊಂಡಿದ್ದಳು. ಜೇನ್ ಅವ್ರಿಲ್ ಹಾಗೆ ಮಾಡಲಿಲ್ಲ. ತನ್ನ ಕೀರ್ತಿಗೆ ಈ ಭಿತ್ತಿಪತ್ರವೇ ಕಾರಣವೆಂದು ಆಕೆ ಮುಂದೆ ಒಪ್ಪಿಕೊಂಡಳು.

ಸಂಬಂಧಿತ ಕೃತಿಗಳು

ಲೊತ್ರೆಕ್ ಜೇನ್ ಅವ್ರಿಲ್‌ಳನ್ನು ಹಲವು ಬಾರಿ ಚಿತ್ರಿಸಿದ್ದಾನೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

• ಸುಮಾರು 1892ರ ವರ್ಣಚಿತ್ರಗಳಲ್ಲಿ ಆಕೆ ಮೂಲಾಂ ರೂಜ್‌ಗೆ ಬರುತ್ತಿರುವಂತೆ ಮತ್ತು ಅಲ್ಲಿಂದ ಹೊರಡುತ್ತಿರುವಂತೆ ಕಾಣುತ್ತಾಳೆ. ರಂಗದ ವೇಷವಿಲ್ಲದೆ, ಮೇಲಂಗಿ ಮತ್ತು ಟೋಪಿ ತೊಟ್ಟು ಒಂಟಿಯಾಗಿ ನಡೆಯುವ ಈ ಸ್ತ್ರೀ ತನ್ನ ವಯಸ್ಸಿಗಿಂತ ಹಿರಿಯಳಂತೆ ತೋರುತ್ತಾಳೆ.
• 'ದೀವಾಂ ಜಾಪೊನೇ' (1893) ಎಂಬ ಭಿತ್ತಿಪತ್ರದಲ್ಲಿ ಆಕೆ ನರ್ತಕಿಯಲ್ಲ, ಪ್ರೇಕ್ಷಕಿ. ಕಪ್ಪು ಉಡುಪಿನಲ್ಲಿ ಕುಳಿತು ರಂಗವನ್ನು ನೋಡುತ್ತಿದ್ದಾಳೆ. ರಂಗದ ಮೇಲಿರುವ ಇವೆತ್ ಗಿಲ್ಬೇರ್‌ಳ ತಲೆ ಚಿತ್ರದ ಅಂಚಿನಲ್ಲಿ ಕತ್ತರಿಸಿಹೋಗಿದೆ.
• 'ಲೆಸ್ತಾಂಪ್ ಒರಿಜಿನಾಲ್' ಎಂಬ ಅಚ್ಚುಚಿತ್ರ ಸಂಪುಟದ ಮುಖಪುಟದಲ್ಲಿ (1893) ಆಕೆ ಮುದ್ರಣಾಲಯದಲ್ಲಿ ನಿಂತು ಆಗತಾನೆ ಅಚ್ಚಾದ ಹಾಳೆಯನ್ನು ಪರೀಕ್ಷಿಸುತ್ತಿದ್ದಾಳೆ. ಹಿಂದೆ ಮುದ್ರಕ ಯಂತ್ರದ ಬಳಿ ದುಡಿಯುತ್ತಿದ್ದಾನೆ.
• 1896ರ ಭಿತ್ತಿಪತ್ರವೊಂದು ಆಕೆಯನ್ನು ಮದ್‌ಮ್ವಾಜೆಲ್ ಎಗ್ಲಾಂತೀನ್ ತಂಡದ ನಾಲ್ವರು ನರ್ತಕಿಯರಲ್ಲಿ ಒಬ್ಬಳಾಗಿ ತೋರಿಸುತ್ತದೆ. ಈ ತಂಡ ಲಂಡನ್ನಿನಲ್ಲಿ ಪ್ರದರ್ಶನ ನೀಡಿತು.
• 1899ರ ಭಿತ್ತಿಪತ್ರದಲ್ಲಿ ಆಕೆಯ ಉಡುಪಿನ ಸುತ್ತ ಹಾವೊಂದು ಸುತ್ತಿಕೊಂಡಿದೆ. ಇದು ಲೊತ್ರೆಕ್‌ನ ಕೊನೆಯ ಭಿತ್ತಿಪತ್ರಗಳಲ್ಲಿ ಒಂದು.

ಬೀದಿಯಿಂದ ಸಂಗ್ರಹಾಲಯಕ್ಕೆ

ಗೋಡೆಗೆ ಅಂಟಿಸಿದ ಭಿತ್ತಿಪತ್ರ ಮಳೆ ಗಾಳಿಗಳಿಗೆ ಹರಿದುಹೋಗುತ್ತಿತ್ತು, ಇಲ್ಲವೇ ಅದರ ಮೇಲೆ ಇನ್ನೊಂದನ್ನು ಅಂಟಿಸುತ್ತಿದ್ದರು. ಆದರೆ 1890ರ ದಶಕದ ಪ್ಯಾರಿಸ್‌ನಲ್ಲಿ ಭಿತ್ತಿಪತ್ರಗಳನ್ನು ಕೂಡಿಡುವ ಹುಚ್ಚು ಎಷ್ಟು ಬಲವಾಗಿತ್ತೆಂದರೆ, ಅದಕ್ಕೆ 'ಅಫಿಶೊಮಾನಿ' ಎಂಬ ಹೊಸ ಪದವೇ ಹುಟ್ಟಿಕೊಂಡಿತು. ಸಂಗ್ರಾಹಕರು ರಾತ್ರಿಯ ವೇಳೆ ಗೋಡೆಗಳಿಂದ ಹಾಳೆಗಳನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಚಿತ್ರವ್ಯಾಪಾರಿಗಳು ಜಾಹೀರಾತಿನ ಅಕ್ಷರಗಳಿಲ್ಲದ ಪ್ರತಿಗಳನ್ನು ಪ್ರತ್ಯೇಕವಾಗಿ ಮಾರತೊಡಗಿದರು. ಜೇನ್ ಅವ್ರಿಲ್ ಭಿತ್ತಿಪತ್ರದ ಅಂತಹ ಸೀಮಿತ ಪ್ರತಿಗಳನ್ನು ಎದ್ವಾರ್ ಕ್ಲೈನ್ಮಾನ್ ಎಂಬ ವ್ಯಾಪಾರಿ ಮಾರಿದನು. ಬೀದಿಯ ಪ್ರಚಾರದ ಹಾಳೆ ಮತ್ತು ಸಂಗ್ರಹಯೋಗ್ಯ ಕಲಾಕೃತಿ ಇವುಗಳ ನಡುವಿನ ಗೆರೆ ಹೀಗೆ ಆ ಕಾಲದಲ್ಲಿಯೇ ಅಳಿಸತೊಡಗಿತ್ತು. ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯ ಮತ್ತು ಆಧುನಿಕ ಕಲಾ ಸಂಗ್ರಹಾಲಯಗಳಲ್ಲಿ ಇದರ ಪ್ರತಿಗಳಿವೆ. ಕಲಾವಿದನ ಹುಟ್ಟೂರಾದ ಆಲ್ಬಿಯಲ್ಲಿ 1922ರಲ್ಲಿ ತೆರೆದ ತುಲೂಸ್-ಲೊತ್ರೆಕ್ ಸಂಗ್ರಹಾಲಯ ಆತನ ಕೃತಿಗಳ ಅತಿ ದೊಡ್ಡ ಭಂಡಾರ.

ಲೊತ್ರೆಕ್ ಅತಿಯಾದ ಮದ್ಯಪಾನ ಮತ್ತು ಅನಾರೋಗ್ಯಗಳಿಂದ ಕುಗ್ಗಿ 1901ರ ಸೆಪ್ಟೆಂಬರ್ 9ರಂದು, ತನ್ನ 36ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಜೇನ್ ಅವ್ರಿಲ್ ಆ ಬಳಿಕ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿದಳು. 1911ರಲ್ಲಿ ಚಿತ್ರಕಾರ ಮೊರೀಸ್ ಬಿಯೆಯನ್ನು ಮದುವೆಯಾಗಿ ರಂಗದಿಂದ ದೂರವಾದಳು. 1926ರಲ್ಲಿ ಗಂಡ ತೀರಿಕೊಂಡನು. 1933ರಲ್ಲಿ ಆಕೆಯ ನೆನಪುಗಳು 'ಪಾರೀ-ಮಿದಿ' ಪತ್ರಿಕೆಯಲ್ಲಿ ಪ್ರಕಟವಾದವು. ಕೊನೆಯ ವರ್ಷಗಳನ್ನು ಬಡತನದಲ್ಲಿ ಕಳೆದು 1943ರಲ್ಲಿ ನಿಧನಳಾದಳು. ಪ್ಯಾರಿಸ್‌ನ ಪೇರ್ ಲಾಶೇಜ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. 1952ರ 'ಮೂಲಾಂ ರೂಜ್' ಚಲನಚಿತ್ರದಲ್ಲಿ ಆಕೆಯ ಪಾತ್ರವನ್ನು ಜಾ ಜಾ ಗಾಬೋರ್ ವಹಿಸಿದ್ದಳು. ಕಲಾವಿದ ಮತ್ತು ನರ್ತಕಿಯ ಸ್ನೇಹವನ್ನೇ ವಿಷಯವಾಗಿಟ್ಟುಕೊಂಡು 2011ರಲ್ಲಿ ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಒಂದು ಪ್ರದರ್ಶನ ನಡೆಯಿತು.